ವಿಮಾನದ ಬಾಗಿಲಿಗೆ ಹಾಕಿದ ಪಂಚರ್

ನಾನು ಇಂಜಿನಿಯರ್ ಆಗುವುದು ಈ ಜನ್ಮದಲ್ಲಿ ಆಗದ ಮಾತು ಎಂದು ಮೊದಲು ಹೇಳಿದವನು ನನ್ನ ಸೋದರಮಾವ. ಸೋಲೂರಿನ ಬಸ್ ನಿಲ್ದಾಣದ ಎದುರು ಪಂಚರ್ ಅಂಗಡಿ ಇಟ್ಟುಕೊಂಡಿದ್ದವನು. ನಾನು ಕಾಲೇಜಿಗೆ ಸೇರಿದ ದಿನ ಲಾರಿ ಟೈರಿನ ಮೇಲೆ ಕೂತು, ಗಿರಾಕಿಗಳಿಗೆಲ್ಲ ಕೇಳುವ ಹಾಗೆ ಅಮ್ಮನಿಗೆ ಹೇಳಿದ: "ಅಕ್ಕಯ್ಯ, ನಮ್ಮ ವಂಸದಲ್ಲಿ ಹತ್ನೇ ಕ್ಲಾಸ್ ದಾಟಿದ ಪ್ರಾಣಿ ಒಂದಾದ್ರೂ ಐತಾ? ಇವ್ಳೋಗಿ ಮೆಕ್ಯಾನಿಕಲ್ ಇಂಜಿನಿಯರ್ ಆಯ್ತಾಳಂತೆ! ಸ್ಪ್ಯಾನರ್ ಹಿಡಿಯಾಕ್ ಬತ್ತದೇನವ್ವಾ ನಿಂಗೆ?"

ಬರುತ್ತಿತ್ತು. ಅವನ ಅಂಗಡಿಯಲ್ಲೇ ಕಲಿತಿದ್ದೆ.

ಕಾಲೇಜು ಸುಲಭವಾಗಿರಲಿಲ್ಲ. ಮೊದಲ ವರ್ಷ ಗಣಿತದಲ್ಲಿ ಎರಡು ಸಲ ಫೇಲಾದೆ. ಮೇಷ್ಟ್ರ ಇಂಗ್ಲಿಷ್ ಅರ್ಥವಾಗದೆ, ಕೇಳಿಸಿದ್ದನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಂಡು ಬಂದು ಬಸ್ಸಿನಲ್ಲಿ ಬಿಡಿಸುತ್ತಿದ್ದೆ. ಹಾಗೂ ಹೀಗೂ ಕೊನೆಯ ವರ್ಷಕ್ಕೆ ಬಂದರೆ ಹೊಸ ಗೋಡೆಯೊಂದು ಎದುರಾಯಿತು. ಹೊರಗೆ ಎಲ್ಲಾದರೂ ಒಂದು ನಿಜವಾದ ಕೆಲಸ ಮಾಡಿ, ಅಲ್ಲಿಂದ ಪ್ರಾಜೆಕ್ಟ್ ಸರ್ಟಿಫಿಕೇಟ್ ತರಬೇಕು. ತಾರದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಒಂದು ವರ್ಷ ಹೋಯಿತು.

ಆಗ ಬಿಡದಿ ಕಡೆ ನೋಡನೋಡುತ್ತಿದ್ದಂತೆ ಫ್ಯಾಕ್ಟರಿಗಳು ಏಳುತ್ತಿದ್ದವು. ನಾಲ್ಕು ಗೇಟು ಸುತ್ತಿದೆ. "ಶಾಪ್ ಫ್ಲೋರಿಗೆ ಹುಡುಗೀರನ್ನ ತಗೊಳಲ್ಲ, ಆಫೀಸಲ್ಲಿ ಫೈಲ್ ಜೋಡಿಸ್ತೀರಾ?" ಅಂದರು. ಫೈಲ್ ಜೋಡಿಸುವುದಕ್ಕೆ ಗಣಿತದಲ್ಲಿ ಎರಡು ಸಲ ಫೇಲಾಗಬೇಕಿತ್ತೇ?

ಕೊನೆಗೆ ಸಿಕ್ಕಿದ್ದು ಮಾಗಡಿ ರಸ್ತೆಯ ಒಂದು ತಗಡಿನ ಶೆಡ್. ಸುತ್ತ ರಾಗಿ ಹೊಲ. ಕಂಡಕ್ಟರ್ ಅದನ್ನು "ಇಮಾನದ ಶೆಡ್ಡು, ಇಳೀರಿ" ಎಂದು ಕೂಗಿ ಇಳಿಸುತ್ತಿದ್ದ. ಜೀವಮಾನವೆಲ್ಲ ವಿಮಾನ ರಿಪೇರಿ ಮಾಡಿ ನಿವೃತ್ತರಾದ ಒಬ್ಬ ಹಿರಿಯರು ಅಲ್ಲಿ ತಮ್ಮದೇ ನಾಲ್ಕು ಸೀಟಿನ ವಿಮಾನ ಕಟ್ಟುತ್ತಿದ್ದರು. ಬಿಡಿಭಾಗಗಳು ಹಡಗಿನಲ್ಲಿ ಪೆಟ್ಟಿಗೆ ಪೆಟ್ಟಿಗೆಯಾಗಿ ಬಂದಿದ್ದವು. ಅವರನ್ನು ಎಲ್ಲರೂ ಯಜಮಾನರು ಅನ್ನುತ್ತಿದ್ದರು, ನಾನೂ ಹಾಗೇ ಅಂದೆ.

ಅವರ ತೊಂದರೆ ಬಾಗಿಲಿನದು. ತುಂಬ ಎತ್ತರದಲ್ಲಿ ಗಾಳಿ ತೆಳು. ಅಲ್ಲಿ ಹಾರಬೇಕಾದರೆ ಒಳಗೆ ಗಾಳಿಯನ್ನು ಒತ್ತಿ ತುಂಬಿಟ್ಟುಕೊಳ್ಳಬೇಕು. ಅದು ಬಾಗಿಲ ಸಂದಿನಿಂದ ಸೋರಬಾರದು. ಅದಕ್ಕೆಂದೇ ಬಾಗಿಲ ಸುತ್ತ ಸಣ್ಣ ಕಾಲುವೆಯಂಥ ತೋಡು ಕೊರೆದು, ಅದರೊಳಗೆ ಬೆರಳು ದಪ್ಪದ ರಬ್ಬರ್ ಟ್ಯೂಬ್ ಕೂರಿಸಿರುತ್ತಾರೆ. ಬಾಗಿಲು ಹಾಕಿದ ಮೇಲೆ ಸಣ್ಣ ಪಂಪು ಅದಕ್ಕೆ ಗಾಳಿ ತುಂಬುತ್ತದೆ. ಟ್ಯೂಬ್ ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ. ಇವರ ಟ್ಯೂಬ್ ಉಬ್ಬುತ್ತಿತ್ತು, ಐದೇ ನಿಮಿಷಕ್ಕೆ ಸೊರಗುತ್ತಿತ್ತು.

"ಲೀಕ್ ಹುಡುಕೋಕೆ ಬರುತ್ತೇನಮ್ಮ?" ಎಂದು ಕೇಳಿದರು.

"ಪಂಚರ್ ಅಂಗಡೀಲಿ ಬೆಳೆದೋಳು ಸಾರ್."

ನಕ್ಕರು. "ಪಂಪ್ ನಿಲ್ಲಿಸಿದ ಮೇಲೆ ಅರ್ಧ ಗಂಟೆ ಈ ಗಾಳಿ ಮೀಟರಿನ ಮುಳ್ಳು ಅಲ್ಲಾಡಬಾರದು. ಮಾಡಿ ತೋರಿಸು, ಸರ್ಟಿಫಿಕೇಟ್ ಕೊಡ್ತೀನಿ. ಅಲ್ಲಾಡಿದರೆ ಇಲ್ಲ."

ಟ್ಯೂಬ್ ಬಿಚ್ಚಿ ಮೇಜಿನ ಮೇಲೆ ಹಾಸಿ ಸೋಪಿನ ನೀರು ಸವರಿದೆ. ಒಂದು ಕಡೆ ಗುಳ್ಳೆ ಎದ್ದಿತು. ಕುಣಿದಾಡುವಷ್ಟು ಖುಷಿ. ಮಾವನ ಅಂಗಡಿಯಿಂದ ಉಪ್ಪುಕಾಗದ, ಸೊಲ್ಯೂಷನ್ ತಂದು, ಉಜ್ಜಿ, ಊದಿ ಒಣಗಿಸಿ, ಅಚ್ಚುಕಟ್ಟಾಗಿ ತೇಪೆ ಹಾಕಿದೆ. ಮಾರನೆಯ ದಿನ ಬಂದು ನೋಡಿದರೆ ತೇಪೆ ನೆಲದ ಮೇಲೆ ಬಿದ್ದಿತ್ತು.

ಯಜಮಾನರು ಬೈಯಲಿಲ್ಲ. "ಇದು ಸೈಕಲ್ ರಬ್ಬರ್ ಅಲ್ಲಮ್ಮ, ಸಿಲಿಕೋನ್. ಇದಕ್ಕೆ ಸಿಲಿಕೋನ್ ಬಿಟ್ಟು ಇನ್ನೇನೂ ಅಂಟಲ್ಲ" ಎಂದು ವಿನಿಗರ್ ವಾಸನೆಯ ಒಂದು ಅಂಟು ಕೊಟ್ಟರು. ಸ್ಪಿರಿಟ್ಟಿನಲ್ಲಿ ಒರೆಸಿ ಹಚ್ಚಿದೆ. ಅದು ಗಟ್ಟಿಯಾಗಲು ಪೂರ್ತಿ ಒಂದು ದಿನ. ಕಾದೆ. ಮೇಜಿನ ಮೇಲೆ ಒಂದು ಗುಳ್ಳೆಯೂ ಏಳಲಿಲ್ಲ. ಬಾಗಿಲಿಗೆ ಕೂರಿಸಿದೆ. ಮತ್ತೆ ಸೊರಗಿತು!

ಮೂರು ವಾರ ಹೀಗೇ ಹೋಯಿತು. ಮೇಜಿನ ಮೇಲೆ ಸಾಧು, ಬಾಗಿಲಲ್ಲಿ ಕಳ್ಳ. ಬಾಗಿಲಿಗೆ ಕೂತ ಮೇಲೆ ಟ್ಯೂಬ್ ತೋಡಿನೊಳಗೆ ಅಡಗಿರುತ್ತದೆ, ಸೋಪಿನ ನೀರು ಅಲ್ಲಿಗೆ ತಲುಪುವುದಿಲ್ಲ. ಕಾಲೇಜಿಗೆ ಸರ್ಟಿಫಿಕೇಟ್ ಕೊಡಬೇಕಾದ ಸೋಮವಾರಕ್ಕೆ ನಾಲ್ಕು ದಿನ ಉಳಿದಿತ್ತು.

ಆ ಗುರುವಾರ ಬೆಳಿಗ್ಗೆ ಅಮ್ಮ ನಮ್ಮ ರೇಷ್ಮೆ ಹುಳುಮನೆಗೆ ಔಷಧಿ ಹೊಡೆಯುವವಳಿದ್ದಳು. ಹೊಸ ಬೆಳೆಯ ಹುಳು ತರುವ ಮುಂಚೆ ಪ್ರತಿ ಸಲ ಇದು ನಡೆಯಬೇಕು. ಘಾಟು ಹೊರಗೆ ಹೋಗದಂತೆ ಕಿಟಕಿ ಸಂದಿಗೆಲ್ಲ ಹಳೇ ಪೇಪರು, ಮೈದಾ ಗೋಂದು. ಎಲ್ಲ ಅಂಟಿಸಿ ಆದ ಮೇಲೆ ಅಮ್ಮ ಕೆನ್ನೆ ಒದ್ದೆ ಮಾಡಿಕೊಂಡು ಕಿಟಕಿಯ ಪಕ್ಕದಲ್ಲೇ ಮುಖ ಸರಿಸುತ್ತ ಹೋದಳು. ಒಂದು ಮೂಲೆಯಲ್ಲಿ ನಿಂತಳು. "ಇಲ್ಲಿ ಗಾಳಿ ಆಡ್ತೈತೆ, ಒಸಿ ಗೋಂದ್ ತತ್ತಾ."

ಹುಟ್ಟಿದಾಗಿನಿಂದ ಇದನ್ನು ನೋಡಿದ್ದೇನೆ. ಗೋಂದಿನ ಚೊಂಬು ಅವಳ ಕೈಗೆ ಕೊಟ್ಟು, "ಬತ್ತೀನಿ ಕಣವ್ವಾ" ಎಂದು ಬಸ್ಸಿಗೆ ಓಡಿದೆ.

ಶೆಡ್ಡಿನಲ್ಲಿ ಫ್ಯಾನ್ ಆರಿಸಿ, ಟ್ಯೂಬ್ ಉಬ್ಬಿಸಿ, ಕೆನ್ನೆಗೆ ನೀರು ಬಳಿದುಕೊಂಡು ವಿಮಾನದ ಬಾಗಿಲ ಸುತ್ತ ಮುಖ ಸರಿಸತೊಡಗಿದೆ. ಯಜಮಾನರು ಕಾಫಿ ಲೋಟ ಹಿಡಿದು, "ಏನಮ್ಮ, ಅದಕ್ಕೆ ಮುತ್ತು ಕೊಡ್ತಿದ್ದೀಯಾ?" ಎಂದರು.

"ಮಾತಾಡಬೇಡಿ ಸಾರ್, ಉಸಿರಿನ ಗಾಳಿ ಬರುತ್ತೆ!" ಅಂದೆ. ನಾನು ಅವರಿಗೆ ಎದುರಾಡಿದ್ದು ಅದೊಂದೇ ಸಲ.

ಕೆಳಗಿನ ಮೂಲೆಯಲ್ಲಿ, ಕೀಲಿನ ಹತ್ತಿರ, ಕೆನ್ನೆಗೆ ದಾರದಷ್ಟು ತಣ್ಣಗೆ ತಾಕಿತು. ಬಾಗಿಲು ತೆಗೆದು ಟ್ಯೂಬ್ ಎಳೆದು ತೋಡಿನೊಳಗೆ ಬೆರಳಾಡಿಸಿದೆ. ವಿಮಾನದ ಮೈ ಕಟ್ಟುವಾಗ ತೊಟ್ಟಿಕ್ಕಿ ಒಣಗಿ ಗಾಜಿನಂತಾಗಿದ್ದ ಅಂಟು, ರಾಗಿ ಕಾಳಿನಷ್ಟು, ಬ್ಲೇಡಿನಷ್ಟು ಚೂಪು. ಅದು ಟ್ಯೂಬನ್ನು ಎಷ್ಟು ನಾಜೂಕಾಗಿ ಕೊಯ್ದಿತ್ತೆಂದರೆ, ಮೇಜಿನ ಮೇಲೆ ಆ ಗಾಯ ತಾನೇ ಮುಚ್ಚಿಕೊಳ್ಳುತ್ತಿತ್ತು. ಮೂಲೆಯಲ್ಲಿ ಮಡಿಸಿ ಒತ್ತಿದಾಗ ಮಾತ್ರ ಬಾಯಿ ಬಿಡುತ್ತಿತ್ತು. ಕಾಳನ್ನು ಅರದಿಂದ ಉಜ್ಜಿ ತೆಗೆದೆ. ಗಾಯಕ್ಕೆ ಸಿಲಿಕೋನ್ ಹಚ್ಚಿದೆ. ಶುಕ್ರವಾರ, ಶನಿವಾರ ಎರಡೂ ದಿನ ಅದನ್ನು ಮುಟ್ಟಲಿಲ್ಲ.

ಭಾನುವಾರ ಬಸ್ಸು ಕಡಿಮೆ ಎಂದು ಮಾವ ಮೊಪೆಡ್ಡಿನಲ್ಲಿ ಬಿಟ್ಟ. ಬಿಟ್ಟವನು ಹೋಗಲಿಲ್ಲ, ಒಳಗೇ ಬಂದ. ವಿಮಾನದ ಸುತ್ತ ಎರಡು ಸುತ್ತು ಹಾಕಿ, "ಏನ್ ಸಾಮಿ, ಬಾಗ್ಲಿಗೂ ಟ್ಯೂಬಾ? ಚಕ್ರಕ್ಕಾದ್ರೂ ಐತೋ ಇಲ್ವೋ?" ಎಂದು ಯಜಮಾನರನ್ನೇ ವಿಚಾರಿಸಿದ.

ಪಂಪ್ ಹಾಕಿದೆ, ನಿಲ್ಲಿಸಿದೆ. ಯಜಮಾನರು ಗಡಿಯಾರ ನೋಡಿಕೊಂಡರು. ಮಾವ ಮೀಟರಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಹತ್ತು ನಿಮಿಷ. ಹದಿನೈದು. "ಅಲ್ಲಾಡ್ತಾ?" ಎಂದು ನಾನು ಕೇಳಿದರೆ, "ಸುಮ್ಕಿರವ್ವ, ನಾನ್ ನೋಡ್ತಿಲ್ವಾ" ಎಂದು ಗದರಿದ. ನನಗಿಂತ ಅವನ ಹಣೆಯೇ ಹೆಚ್ಚು ಬೆವರಿತ್ತು. ಅರ್ಧ ಗಂಟೆ ಕಳೆದರೂ ಮುಳ್ಳು ಮಿಸುಕಲಿಲ್ಲ. ಯಜಮಾನರು ಇನ್ನೂ ಹತ್ತು ನಿಮಿಷ ಕಾದು ನೋಡಿದರು. ಆಗಲೂ ಇಲ್ಲ.

ಡಿಗ್ರಿ ಸರ್ಟಿಫಿಕೇಟ್ ಆಮೇಲೆ ಬಂತು, ಅಂಚೆಯಲ್ಲಿ. ಅದೀಗ ಗೋಡೆಯ ಮೇಲಿದೆ. ಆದರೆ ನಾನು ಇಂಜಿನಿಯರ್ ಆಗಿದ್ದು ಆ ಭಾನುವಾರವೇ. ಯಜಮಾನರು ಹಿಂದಿನ ದಿನವೇ ಟೈಪ್ ಮಾಡಿಟ್ಟಿದ್ದ ಕಾಗದಕ್ಕೆ ಸಹಿ ಹಾಕಿ, ಎದ್ದು ನಿಂತು, ಎರಡೂ ಕೈಯಲ್ಲಿ ಕೊಟ್ಟರು. ನಾನು ತೆಗೆದುಕೊಳ್ಳುವ ಮೊದಲೇ ಮಾವ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅದನ್ನು ಇಸಿದುಕೊಂಡ. ಇಂಗ್ಲಿಷ್ ಬಾರದವನು ಮೇಲಿಂದ ಕೆಳಗೆ ನೋಡಿ, "ಏನ್ ಬರ್ದವ್ರೆ?" ಅಂದ.

"ಬಾಗಿಲಿನ ಲೀಕ್ ಹುಡುಕಿ ಸರಿ ಮಾಡಿದ್ದಾಳೆ ಅಂತ."

ಮಾವ ಕಾಗದವನ್ನು ಮಡಿಸದೆ, ಮುದುರದಂತೆ ನನ್ನ ಕೈಗಿಟ್ಟ.

"ನೋಡ್ದಾ ಅನ್ಯಾಯವ! ಇಪ್ಪತ್ ವರ್ಸದಿಂದ ಪಂಚರ್ ಹಾಕ್ತಿವ್ನಿ, ಒಬ್ಬ ನನ್ಮಗನಾದ್ರೂ ನಂಗೆ ಹಿಂಗೊಂದ್ ಕಾಗ್ದ ಕೊಟ್ನಾ? ನಡಿಯವ್ವ ಇಂಜಿನಿಯರಮ್ಮ, ಹತ್ತು ಗಾಡಿ. ನಮ್ಮಕ್ಕಂಗೆ ಮೊದ್ಲು ನಾನೇ ಹೇಳ್ಬೇಕು."