ಕ್ಯೂಬ್ ಮೇಷ್ಟ್ರು ಮತ್ತು ಮೂರನೇ ಕಂಬ

ಕ್ಯೂಬ್ ಮೇಷ್ಟ್ರು ಪುಕ್ಕಲು ಮನುಷ್ಯ. ಇದನ್ನು ಮೆತ್ತಗೆ ಮಾಡಿ ಹೇಳುವ ಅಗತ್ಯವಿಲ್ಲ. ಅಂಗಡಿಯವನು ಕೊಳೆತ ಟೊಮೇಟೊ ತೂಗಿ ಕೊಟ್ಟರೂ ಚೀಲ ಹಿಡಿದು ತೆಪ್ಪಗೆ ಬಂದು, ಹೆಂಡತಿಯ ಕೈಯಲ್ಲಿ ಬೈಸಿಕೊಳ್ಳುವ ಆಸಾಮಿ. ನಲವತ್ತೆಂಟು ವರ್ಷದಲ್ಲಿ ಯಾರಿಗೂ ಎದುರಾಡಿದವರಲ್ಲ.

ಡಿಪ್ಲೊಮಾ ಓದಲು ಹೋಗಿ, ಸೇತುವೆ ವಿನ್ಯಾಸದ ಪೇಪರಿನಲ್ಲಿ ಮೂರು ಸಲ ಡುಮ್ಕಿ ಹೊಡೆದ ಮೇಲೆ ಓದು ನಿಂತಿತು. ಹೆಂಡತಿಯ ಅಣ್ಣ ಸೇತುವೆ ಕಟ್ಟುವ ಗುತ್ತಿಗೆದಾರರ ಬಳಿ ಸೈಟ್ ಮ್ಯಾನೇಜರ್. ಆತನೇ ಕರೆದು ಲ್ಯಾಬಿನಲ್ಲಿ ಕೂರಿಸಿದ. ಲ್ಯಾಬ್ ಎಂದರೆ ತಗಡಿನ ಕೋಣೆ, ಒಂದು ನೀರಿನ ತೊಟ್ಟಿ, ಒಂದು ಒತ್ತುವ ಯಂತ್ರ. ಕಾಂಕ್ರೀಟ್ ಸುರಿದಾಗಲೆಲ್ಲ ಅದೇ ಮಾಲಿನಿಂದ ಅರ್ಧ ಅಡಿ ಚೌಕದ ಆರು ಅಚ್ಚು ತುಂಬಬೇಕು. ಮರುದಿನ ಬಿಚ್ಚಿ, ಒಣಗಿದ ಮೈಮೇಲೆ ಕಂಬದ ಸಂಖ್ಯೆ, ತಾರೀಖು ಕೆಂಪು ಬಣ್ಣದಲ್ಲಿ ಬರೆದು, ಬಣ್ಣ ಗಟ್ಟಿಯಾದ ಮೇಲೆ ನೀರಿಗೆ ಬಿಡಬೇಕು. ಏಳನೆಯ ದಿನ ಮೂರು, ಇಪ್ಪತ್ತೆಂಟನೆಯ ದಿನ ಮೂರು ಯಂತ್ರದಲ್ಲಿಟ್ಟು ಒಡೆಯಬೇಕು. ಕಂಬವನ್ನೇ ಒಡೆದು ನೋಡುವಂತಿಲ್ಲವಲ್ಲ, ಅದರ ಮರಿಗಳನ್ನು ಒಡೆದು ನೋಡುವುದು. ಈ ಮರಿಗಳಿಗೆ ಕ್ಯೂಬು ಎಂದು ಹೆಸರು, ಮೇಷ್ಟ್ರಿಗೆ ಆ ಹೆಸರು ಅಂಟಿದ್ದೂ ಅದರಿಂದಲೇ.

ಮನೆಯೂ ಸೈಟಿನದೇ. ಎರಡು ಕೋಣೆ, ಪ್ಲೈವುಡ್ಡಿನ ನಡುಗೋಡೆ, ಆಚೆ ಭಾವನ ಸಂಸಾರ. ಭಾವ ಕೆಮ್ಮಿದರೆ ಈಚೆ ಮೇಷ್ಟ್ರು ಕೈಯಲ್ಲಿದ್ದ ಲೋಟ ಕೆಳಗಿಡುತ್ತಿದ್ದರು. ಕೆಲಸ, ಮನೆ, ಮಗಳ ಕಾಲೇಜಿನ ಸೀಟು, ಜೊತೆಗೇ ಇದ್ದ ಅತ್ತೆಯ ಕಣ್ಣಿನ ಆಪರೇಷನ್ನು, ಎಲ್ಲವೂ ಆ ಗೋಡೆಯ ಆಚೆಯಿಂದ ಬಂದದ್ದು. ಬಾಗಿಲಿಗೆ ಯಾರೂ ಚಿಲಕ ಹಾಕಿರಲಿಲ್ಲ. ಆದರೆ ಹೊರಗೆ ಕಾಲಿಟ್ಟರೆ ಎಲ್ಲಿಗೆ?

ಒಂದು ಭಾನುವಾರ ಅವರು ಬೆಂಕಿಪೊಟ್ಟಣ ಜೋಡಿಸಿ ಮನೆಯವರಿಗೆ ಸೇತುವೆ ತೋರಿಸಿದ್ದುಂಟು.

“ರಸ್ತೆ ತನ್ನ ಭಾರಾನ ತೊಲೆಗೆ ಕೊಡುತ್ತೆ. ತೊಲೆ ಕಂಬದ ತಲೆಗೆ, ತಲೆ ಕಂಬಕ್ಕೆ, ಕಂಬ ಅಡಿಪಾಯಕ್ಕೆ, ಅಡಿಪಾಯ ನೆಲಕ್ಕೆ. ಯಾರೂ ಇಟ್ಕೊಳ್ಳೋ ಹಾಗಿಲ್ಲ, ದಾಟಿಸ್ತಾ ಹೋಗ್ಬೇಕು ಅಷ್ಟೆ.”

“ಗೊತ್ತಾಯ್ತು ಅಳಿಯಂದಿರೇ,” ಎಂದರು ಅತ್ತೆ. “ಈ ಮನೇಲಿ ನೆಲ ಅಂದ್ರೆ ನನ್ನ ಮಗಳು.”

ಮೂರನೇ ಕಂಬದ ತಲೆಗೆ ಕಾಂಕ್ರೀಟ್ ಹಾಕಿದ ದಿನ ಬಿಸಿಲು ಸುಡುತ್ತಿತ್ತು. ಪಂಪಿನ ಕೊಳವೆ ಕಟ್ಟಿಕೊಂಡಿತು. ಮಾಲು ಸಡಿಲವಾಗಲೆಂದು ಕಾಂಕ್ರೀಟ್ ತಂದ ಲಾರಿಯ ಡ್ರೈವರ್ ಡ್ರಮ್ಮಿನೊಳಕ್ಕೆ ಪೈಪು ಬಿಟ್ಟು ನೀರು ಸುರಿದ. ನೀರು ಹೆಚ್ಚಿದಷ್ಟೂ ಮಾಲು ಸಲೀಸಾಗಿ ಹರಿಯುತ್ತದೆ, ಅಷ್ಟೇ ಸಲೀಸಾಗಿ ಕಸುವು ಕಳೆದುಕೊಳ್ಳುತ್ತದೆ. “ನೀರು ಬೇಡಪ್ಪಾ” ಎಂದು ಮೇಷ್ಟ್ರು ಹೇಳಿದ್ದು ನಿಜ. ಎಂಜಿನ್ನಿನ ಸದ್ದಿನಲ್ಲಿ ಅದು ಅವರಿಗೇ ಕೇಳಿಸಲಿಲ್ಲ.

ಏಳನೆಯ ದಿನ, ಯಂತ್ರದ ಮುಳ್ಳು ಇಪ್ಪತ್ತಾರು ತೋರಿಸುವವರೆಗೆ ತಾಳಬೇಕಾದ ಕ್ಯೂಬುಗಳು ಹದಿನೇಳಕ್ಕೇ ಒಡೆದವು. “ಇನ್ನೂ ದಿನ ಇದೆ, ಗಟ್ಟಿಯಾಗುತ್ತೆ ಬಿಡಿ,” ಎಂದ ಭಾವ. ಇಪ್ಪತ್ತೆಂಟನೆಯ ದಿನ ಹನ್ನೊಂದು ಗಂಟೆಗೆ ಇಲಾಖೆಯ ಎಂಜಿನಿಯರ್ ಎದುರಿಗೆ ನಿಂತು ಪರೀಕ್ಷೆ ನೋಡುವುದಿತ್ತು. ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಎಂಟಕ್ಕೇ ಹೋಗಿ ಮೂರರಲ್ಲಿ ಒಂದನ್ನು ಯಂತ್ರದಲ್ಲಿಟ್ಟರು. ಒಳ್ಳೆಯ ಕ್ಯೂಬು ಪಟ್ಟೆಂದು ಸಿಡಿಯುತ್ತದೆ. ಇದು ಸದ್ದೇ ಇಲ್ಲದೆ ಕುಸಿದು ಕೂತಿತು. ಮುಳ್ಳು ಇಪ್ಪತ್ನಾಲ್ಕರಲ್ಲಿ ನಿಂತಿತ್ತು. ಬೇಕಾದದ್ದು ನಲವತ್ತು.

ಭಾವ ಆಫೀಸಿನಲ್ಲಿ ಫೋನು ನೋಡುತ್ತಿದ್ದ.

“ಭಾವ, ಮೂರನೇದು ಹೋಯ್ತು.”

“ಏನು ಹೋಯ್ತು?”

“ಕ್ಯೂಬು. ಇಪ್ಪತ್ನಾಲ್ಕಕ್ಕೇ.”

“ಕ್ಯೂಬು ತಾನೇ? ಕಂಬ ನಿಂತಿದೆಯಲ್ಲ.” ಆತ ತಲೆ ಎತ್ತಿದ. “ತೊಟ್ಟಿ ಮೂಲೇಲಿ ಮೂರು ಇದಾವಲ್ಲ, ಅವನ್ನ ಒಡೀರಿ.”

ಅವು ಆಪತ್ತಿಗೆಂದು ಸಿಮೆಂಟು ಹೆಚ್ಚು ಹಾಕಿಸಿ ಮಾಡಿಟ್ಟವು. ಯಾವ ಕಂಬಕ್ಕೂ ಸೇರಿದವಲ್ಲ.

“ಅದರ ಮೇಲೆ ಗುರುತಿಲ್ಲ ಭಾವ.”

“ಬರೀರಿ. ಅಕ್ಷರ ಮುದ್ದಾಗಿದೆ ನಿಮ್ದು. ನಾಳೆ ತೊಲೆ ಕೂರಿಸ್ಬೇಕು, ಕ್ರೇನು ಬಂದು ನಿಂತಿದೆ. ಈಗ ಆ ತಲೆ ಒಡೆದು ಮತ್ತೆ ಕಟ್ಟಿ ಅಂದ್ರೆ ನಾನು ಮನೆಗೆ. ನಾನು ಮನೆಗೆ ಹೋದ್ರೆ ನೀವೆಲ್ಲಿಗೆ ಹೋಗ್ತೀರಿ ಮೇಷ್ಟ್ರೇ?”

“ಅಲ್ಲ, ಭಾರ…”

“ಭಾರದ ಪಾಠ ನಮ್ಮಮ್ಮನಿಗೆ ಮಾಡಿ.”

ಮೇಷ್ಟ್ರು ಮನೆಗೆ ಬಂದು ಮಂಚದ ತುದಿಯಲ್ಲಿ ಕೂತರು. ಹೆಂಡತಿ ಚಹಾ ತಂದಿಟ್ಟಳು. ಅವಳಿಗೆ ಆಗಲೇ ಸುದ್ದಿ ಮುಟ್ಟಿತ್ತು.

“ಅಣ್ಣ ಫೋನ್ ಮಾಡಿದ್ದ. ಬರೆದುಬಿಡಿ ರೀ. ಇಷ್ಟು ವರ್ಷ ಹೂಂ ಅಂದವರಿಗೆ ಇವತ್ತೇನಾಯ್ತು?”

“ಅದರ ಮೇಲೆ ಬಸ್ಸು ಹೋಗುತ್ತೆ ಕಣೇ.”

“ಎಲ್ಲಾ ಸೇತುವೆ ಮೇಲೂ ಹೋಗುತ್ತೆ.” ಅವಳು ಗೋಡೆಯ ಕಡೆ ನೋಡಿ ದನಿ ತಗ್ಗಿಸಿದಳು. “ಮಗಳಿಗೆ ಇನ್ನೂ ಎರಡು ವರ್ಷ ಇದೆ. ಆಮೇಲೆ ಬೇಕಾದ್ರೆ ಹರಿಶ್ಚಂದ್ರ ಆಗಿ.”

ಅವಳ ಮಾತಿನಲ್ಲಿ ತಪ್ಪು ಹುಡುಕಲು ಮೇಷ್ಟ್ರಿಗೆ ಆಗಲಿಲ್ಲ. ಚಹಾ ಆರಿ ಹೋಯಿತು. ಲ್ಯಾಬಿಗೆ ವಾಪಸು ಹೋಗಿ ತೊಟ್ಟಿಯೊಳಗಿಂದ ಆ ಮೂರನ್ನು ಎತ್ತಿದರು. ಒಂದು ಗಂಟೆ ಬಿಸಿಲಿಗಿಟ್ಟು ಒಣಗಿಸಿ ಬರೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಒದ್ದೆ ಕ್ಯೂಬಿನ ಮೇಲೆ ಬಣ್ಣ ಒಣಗದೆಂಬುದು ಕುರ್ಚಿ ಬಿಟ್ಟು ಏಳದ ಭಾವನಿಗೆ ಹೊಳೆಯುವಂಥದಲ್ಲ. ಮೇಷ್ಟ್ರು ಕುಂಚ ಹಿಡಿದು ಸುಮ್ಮನೆ ಕೂತಿದ್ದರು. ಬರೆಯಲು ಶುರುಮಾಡಿದಾಗ ಹನ್ನೊಂದಕ್ಕೆ ಹತ್ತು ನಿಮಿಷ. ಬೇಕೆಂದೇ ತಡಮಾಡಿದರೋ, ಕೈ ಓಡಲಿಲ್ಲವೋ, ಅವರಿಗೇ ಗೊತ್ತಿರಲಿಲ್ಲ.

ಎಂಜಿನಿಯರ್ ಮೂವತ್ತರ ಹೆಂಗಸು, ಅವಸರದಲ್ಲಿದ್ದಳು. ಭಾವ ಹಲ್ಲು ಬಿಡುತ್ತ ಪಕ್ಕದಲ್ಲೇ ಬಂದ. ಎಂಜಿನಿಯರ್ ಆದವರು ಕ್ಯೂಬು ಮುಟ್ಟುವ ಪದ್ಧತಿಯಿಲ್ಲ. ಮುಳ್ಳು ನೋಡುವುದು, ಸಹಿ ಹಾಕುವುದು. ಆಕೆಯೂ ಮುಳ್ಳಿನ ಎದುರು ಹೋಗಿ ನಿಂತಳು.

“ಬೇಗ ಇಡಿ ಮೇಷ್ಟ್ರೇ, ಮೇಡಂಗೆ ಇನ್ನೊಂದು ಸೈಟಿದೆ.”

ಮೇಷ್ಟ್ರು ಮೊದಲನೆಯದನ್ನು ಎತ್ತಿದರು. ಎಂಟು ಕೆಜಿ. ಯಂತ್ರದ ಹತ್ತಿರ ಹೋದವರು ಅಲ್ಲಿಂದ ಅರ್ಧಕ್ಕೆ ತಿರುಗಿ, ಬರೆದ ಮುಖ ಪಕ್ಕಕ್ಕೆ ಬರುವಂತೆ ಅದನ್ನು ಆಕೆಯ ಮುಂದೆ ಹಿಡಿದರು.

“ಮೇಡಂ, ಒಂಚೂರು ಹಿಡ್ಕೊಳ್ತೀರಾ? ಎರಡೂ ಕೈಲಿ. ತಟ್ಟೆ ಮೇಲೆ ಪುಡಿ ಇದೆ, ಒರೆಸ್ತೀನಿ.”

ಆಕೆ ಫೋನನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹಿಡಿದಳು. ಮೇಷ್ಟ್ರು ಇಬ್ಬರಿಗೂ ಬೆನ್ನು ಮಾಡಿ, ಬಟ್ಟೆ ತೆಗೆದುಕೊಂಡು ಯಂತ್ರದ ತಟ್ಟೆ ಒರೆಸತೊಡಗಿದರು. ಅದರ ಮೇಲೆ ಪುಡಿ ಇರಲಿಲ್ಲ. ಆದರೂ ಒರೆಸುತ್ತಲೇ ಇದ್ದರು, ಹಿಂದಿನಿಂದ ಆಕೆ “ಇದೇನ್ರೀ ಇದು, ಕೈಯೆಲ್ಲ ಹಸಿ ಬಣ್ಣ?” ಎನ್ನುವವರೆಗೂ.