ಮೌಲಾನಿಗೆ ಮುಚ್ಚಿಟ್ಟ ಸಂಬಳ

ಮೌಲಾ, ನಾನು ನಿನಗೆ ಸುಳ್ಳು ಹೇಳಿದೆ. ಹನ್ನೊಂದು ವರ್ಷದ ಹಿಂದೆ, ಕಾನಹೊಸಹಳ್ಳಿಯ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ, ನೀನು ಕೊಡಿಸಿದ ಚಹಾ ಕುಡಿಯುತ್ತಲೇ ಹೇಳಿದೆ. ಪೂರ್ತಿ ಸುಳ್ಳಲ್ಲ, ಅರ್ಧ ನಿಜ — ನೋಡು, ಇಲ್ಲೂ ಜಾರಿಕೊಳ್ಳುತ್ತಿದ್ದೇನೆ. ಸುಳ್ಳೇ.

ಆಗ ನೀನು ಕೊಟ್ಟೂರಿನ ಸಾಹುಕಾರರ ಲಾರಿಯಲ್ಲಿ ಈರುಳ್ಳಿ, ಮೆಕ್ಕೆಜೋಳ ತುಂಬಿಕೊಂಡು ಹೋಗುತ್ತಿದ್ದೆ. ಟ್ರಿಪ್ಪಿನ ಮೇಲೆ ದುಡಿಮೆ. ದಾವಣಗೆರೆ, ಬೆಂಗಳೂರಿಗೆ ಕಡಿಮೆ. ಮುಂಬೈ, ಗುಜರಾತಿಗೆ ಹೋದರೆ ಕೈ ತುಂಬ. ಲೋಡು ಸಿಗದೆ ಲಾರಿ ನಿಂತರೆ ಬರಿಗೈ. ನಾನು ಅದೇ ಸಾಹುಕಾರರನ್ನು ಬಿಟ್ಟು, ಹೊಸಪೇಟೆ ಕಡೆಯ ಸಾಗಣೆ ಕಂಪನಿಯೊಂದನ್ನು ಸೇರಿ ಐದು ತಿಂಗಳಾಗಿತ್ತು. ಅಲ್ಲಿ ಇನ್ನೊಬ್ಬ ಡ್ರೈವರ್ ಬೇಕಿತ್ತು. ಒಳ್ಳೆಯವನಿದ್ದರೆ ಕರೆದುಕೊಂಡು ಬಾ ಎಂದು ಮ್ಯಾನೇಜರ್ ನನಗೇ ಹೇಳಿದ್ದರು.

ನಮ್ಮ ಕಡೆ ಯಾವ ಡ್ರೈವರೂ ಹೊಸ ಮಾಲೀಕರ ಮುಂದೆ ನಿಂತು ಸಂಬಳ ಎಷ್ಟು ಎಂದು ಕೇಳುವುದಿಲ್ಲ, ನಾಚಿಕೆ. ಅಲ್ಲಿ ಈಗಾಗಲೇ ಸ್ಟೇರಿಂಗ್ ಹಿಡಿದವನನ್ನು ಕೇಳುತ್ತೇವೆ. ಅವನು ಹೇಳಿದ್ದನ್ನು ನಂಬುತ್ತೇವೆ. ನೀನು ನನ್ನನ್ನು ಕೇಳಿದೆ.

“ಅಲ್ಲಿ ಹೆಂಗೈತಲೇ ಕೊಟ್ರೇಶ? ನಾನೂ ಬರ್ಲೇನು?”

“ಬ್ಯಾಡೋ ಮಾರಾಯ. ತಿಂಗಳಿಗೆ ಹದಿನಾಲ್ಕು ಸಾವಿರ, ಮುಗೀತು. ನಿನಗ ಮುಂಬೈ ಲೈನೇ ಚಲೋ.”

ಹದಿನಾಲ್ಕು ಸಾವಿರ ನಿಜ. ಅದರ ಮೇಲೆ ದಿನದ ಊಟದ ಖರ್ಚಿಗೆ ಬತ್ತಾ ಇತ್ತು, ಪಿಎಫ್ ಇತ್ತು, ಆಸ್ಪತ್ರೆಗೆ ಇಎಸ್‌ಐ ಕಾರ್ಡು ಇತ್ತು, ಲಾರಿ ನಿಂತರೂ ಸಂಬಳ ನಿಲ್ಲುತ್ತಿರಲಿಲ್ಲ. ಅದನ್ನೆಲ್ಲ ಚಹಾದ ಜೊತೆ ನುಂಗಿಬಿಟ್ಟೆ.

ಯಾಕೆ? ನೂರು ಸಲ ಕೇಳಿಕೊಂಡಿದ್ದೇನೆ. ನನಗೆ ಗೇರು ಹಾಕುವುದನ್ನು ಕಲಿಸಿದವನು ನೀನು. ಕೂಡ್ಲಿಗಿಯಲ್ಲಿ ನಿಮ್ಮಪ್ಪನ ಗ್ಯಾರೇಜಿನಲ್ಲಿ ಬೆಳೆದವನು, ಇಂಜಿನ್ನಿನ ಸದ್ದು ಕೇಳಿಯೇ ಅದರ ರೋಗ ಹೇಳುತ್ತಿದ್ದೆ. ನೀನು ಬಂದರೆ ಹೊಸ ಗಾಡಿ ನಿನಗೇ, ಮ್ಯಾನೇಜರರ ಶಹಬ್ಬಾಸ್‌ಗಿರಿಯೂ ನಿನಗೇ. ಒಂದು ಕಡೆಯಾದರೂ ನಿನ್ನ ಹಿಂದೆ ನಿಲ್ಲದೆ ನಾನು — ಹೊಟ್ಟೆಕಿಚ್ಚು, ಮೌಲಾ. ಅದಕ್ಕೆ ಬೇರೆ ಹೆಸರಿಲ್ಲ.

ಮೂರು ವರ್ಷದ ಹಿಂದೆ ನನಗೆ ಹೊಟ್ಟೆಯ ಆಪರೇಷನ್ ಆದಾಗ ನೀನು ಮೋಸಂಬಿ ಹಿಡಿದು, ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ನೋಡಲು ಬಂದೆ. ಬೆನ್ನುಮೂಳೆ ಸವೆದು ನೀನು ಎರಡು ತಿಂಗಳು ಮಲಗಿ ಎದ್ದಿದ್ದೆ. ಆ ಎರಡು ತಿಂಗಳು ಟ್ರಿಪ್ಪಿಲ್ಲ, ದುಡಿಮೆಯಿಲ್ಲ. ನೀನು ಹೆಂಡತಿಯ ಬಳೆ ಮಾರಿದ್ದೆ. ಬಿಲ್ಲು ಎಷ್ಟಾಯಿತು ಎಂದು ನೀನು ಕೇಳಿದೆ. ಕಂಪನಿ ಕಾರ್ಡಿನಲ್ಲೇ ಎಲ್ಲ ಆಯಿತು ಎಂದೆ ನಾನು.

“ನಿನ್ನ ನಸೀಬು ಚಲೋ ಐತಿ ಬಿಡ್ಲೇ,” ಎಂದು ನಕ್ಕೆ ನೀನು.

ಸಂಶಯ ಬಂದಿತ್ತೇ? ಬಂದಿದ್ದರೂ ನೀನು ಕೇಳುವವನಲ್ಲ. ಅಂದೇ ಹೇಳಿಬಿಡೋಣವೆಂದು ಬಾಯಿ ತೆರೆದೆ — ನೀರು ಕೊಡು ಎಂದೆ.

ಕಳೆದ ವಾರ ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಹೆಂಡತಿಯ ತಮ್ಮ ಹುಸೇನ್ ಸಿಕ್ಕಿದ. ಅವನೂ ಲಾರಿ ಓಡಿಸುವವನೇ ತಾನೆ. ನಮ್ಮ ಕಂಪನಿಯಲ್ಲಿ ಜಾಗ ಖಾಲಿ ಇದೆ, ಬಾ ಎಂದೆ.

“ಭಾವ ಬ್ಯಾಡ ಅಂದಾರ್ರಿ ಅಣ್ಣ. ಕಂಪನ್ಯಾಗ ಏನೂ ಗಿಟ್ಟಂಗಿಲ್ಲ, ಕೊಟ್ರೇಶನೇ ಹೇಳ್ಯಾನ, ಅವ ನನಗ ಸುಳ್ಳು ಹೇಳಾವಲ್ಲ ಅಂದಾರ.”

ನನ್ನ ಸುಳ್ಳನ್ನು ನೀನು ನಿಜವೆಂದು ನಂಬಿ ನಿನ್ನವರಿಗೆ ಹಂಚಿದ್ದೀಯ — ಇನ್ನೆಷ್ಟು ಜನಕ್ಕೋ. ಅಲ್ಲೇ ಫೋನಿನಲ್ಲಿದ್ದ ಸಂಬಳದ ಚೀಟಿ ತೆಗೆದು ಹುಸೇನನಿಗೆ ತೋರಿಸಿದೆ. ಅವನು ಓದಿ ನನ್ನ ಮುಖ ನೋಡಿದ.

“ಹಂಗಾರ ಭಾವಗ ಯಾಕ್ರಿ ಹಂಗ ಹೇಳಿದ್ರಿ?”

ನಾನೇ ಹೇಳುತ್ತೇನೆ, ನಿಮ್ಮ ಭಾವನ ಗಾಡಿ ವಾಪಸ್ ಬರುವವರೆಗೆ ತಡಿ ಎಂದು ಅವನನ್ನು ಬೇಡಿಕೊಂಡೆ. ಹುಸೇನ್ ಸೇರಬಹುದು. ನಿನಗೆ ಐವತ್ತೊಂದು; ಕಂಪನಿಯವರು ನಲವತ್ತೈದು ದಾಟಿದವರನ್ನು ಹೊಸದಾಗಿ ತೆಗೆದುಕೊಳ್ಳುವುದಿಲ್ಲ. ನಿನಗೆ ಕೊಡಿಸಲು ನನ್ನ ಹತ್ತಿರ ಈಗ ಏನೂ ಉಳಿದಿಲ್ಲ.

ನಾಳೆ ನೀನು ಮುಂಬೈಯಿಂದ ಬರುತ್ತೀಯಂತೆ. ಕೂಡ್ಲಿಗಿಯಲ್ಲಿ ಕಾಯುತ್ತೇನೆ. ನೀನು ಲಾರಿಯಿಂದ ಇಳಿಯುವ ಮೊದಲೇ ಹೇಳಿಬಿಡಬೇಕು. ಸೊಂಟ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುವುದನ್ನು ನೋಡಿದರೆ, ಮತ್ತೆ ನನ್ನ ಬಾಯಿ ಕಟ್ಟಿಹೋಗುತ್ತದೆ.