ದೊಡ್ಡಮ್ಮನ ಹೆಸರಿನ ಇಶಾಡು ಮರ

ಕಾರವಾರಕ್ಕೆ ದೊಡ್ಡ ದೊಡ್ಡ ಯೋಜನೆಗಳು ಬಂದು, ಹತ್ತಿರದ ಬಾಳೆಗುಳಿ ಕ್ರಾಸಿನಲ್ಲಿ ಲಾರಿಗಳ ಸಾಲು ಕರಗದಿದ್ದ ತೊಂಬತ್ತರ ದಶಕವದು. ನಮ್ಮೂರ ರಸ್ತೆಯನ್ನೂ ಅಗಲ ಮಾಡುತ್ತೇವೆಂದರು. ಅದಕ್ಕೆ ರಸ್ತೆಬದಿಯ ಮರ ಕಡಿಯಲು ಗಂಡಸರು ಆಗಲೇ ತಲೆಯಾಡಿಸಿದ್ದರು. ಅಭಿವೃದ್ಧಿ ಎಂದರೆ ಸಾಕು, ಅವರ ತಲೆ ತಾನಾಗಿ ಆಡುತ್ತಿತ್ತು. ಮಹಿಳಾ ಮೀಸಲಾತಿಯಲ್ಲಿ ಪಂಚಾಯತಿ ಅಧ್ಯಕ್ಷೆಯಾಗಿದ್ದ ನನ್ನ ದೊಡ್ಡಮ್ಮನನ್ನು ಯಾರೂ ಕೇಳಿರಲಿಲ್ಲ.

ಗಂಡಸರು ಕೆಲಸಕ್ಕೆ ಹೋಗಿದ್ದ ಹೊತ್ತಿನಲ್ಲಿ ಅಧಿಕಾರಿಯೊಬ್ಬರು ಕಡಿಯಬೇಕಾದ ಮರಗಳನ್ನು ಬರೆದುಕೊಳ್ಳಲು ಬಂದರು. ನಮ್ಮ ಅಂಗಳದಂಚಿನ ಇಶಾಡು ಮಾವಿನ ಮರ ತೋರಿಸಿ ಯಜಮಾನರ ಹೆಸರು ಕೇಳಿದರು. ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ.

"ಅವ್ರ ಹೆಸ್ರು ನಾ ಹೇಳೂಕಾಗುದಿಲ್ಲ. ನೀರು ಹೊಯ್ದವ್ಳು ನಾನು, ನನ್ ಹೆಸ್ರೇ ಬರ್ಕಳಿ," ಎಂದಳು ದೊಡ್ಡಮ್ಮ.

ಪಕ್ಕದ ಮನೆಯಲ್ಲೂ ಅದೇ ಉತ್ತರ, ಅದರಾಚೆಯೂ ಅದೇ. ಸಂಜೆಯೊಳಗೆ ರಸ್ತೆಬದಿಯ ಮರಗಳೆಲ್ಲ ಹೆಂಗಸರ ಹೆಸರಿಗಾದವು. ಮರದವರ ಒಪ್ಪಿಗೆ ಕೇಳಲು ಪಂಚಾಯತಿ ಸಭೆ ಕರೆದಾಗ ಅವರಲ್ಲೊಬ್ಬಳೂ ಒಪ್ಪಲಿಲ್ಲ. ಅಧ್ಯಕ್ಷೆ ನಗುನಗುತ್ತ ಮರ ಕಡಿಯಬಾರದೆಂದು ಠರಾವು ಬರೆಸಿದಳು. ರಸ್ತೆ ಆಚೆ ಬದಿಯ ಖಾಲಿ ಜಾಗಕ್ಕೆ ಸರಿಯಿತು.

ಆ ಬೇಸಿಗೆಯಲ್ಲಿ ನೆಂಟರೊಬ್ಬರು ದೊಡ್ಡಪ್ಪನ ಹತ್ತಿರ ಇಶಾಡು ಹಣ್ಣು ಕೇಳಿದರು. ದೊಡ್ಡಪ್ಪ ಎಲೆಯಡಿಕೆ ಅಗಿಯುತ್ತ ಒಳಗೆ ಕೈ ತೋರಿಸಿದ.

"ನನ್ನೆಂತಕೆ ಕೇಳ್ತ್ರಿ? ಮರದ ಯಜಮಾನಿ ಒಳ್ಗಿದ್ದಾಳೆ."